ಸೀತಕ್ಕನ ಬಾವಿ ತೋಡಿದವರು

ಪುತ್ತೂರು ಪೇಟೆಯ ಚೌಕವನ್ನು ಸರಿಯಾಗಿ ನೋಡಬೇಕಾದರೆ ಆಗ ಸೀತಕ್ಕನ ಹಿಂದೆ ನಡೆಯಬೇಕಿತ್ತು. ಆಗ ಎಂದರೆ ಸಾವಿರದ ಒಂಬೈನೂರ ಐವತ್ತೆಂಟು, ಐವತ್ತೊಂಬತ್ತು. ಬೆಳಗಿನ ಮೊದಲ ಬಸ್ಸಿಗೆ ಸುಳ್ಯ, ಜಾಲ್ಸೂರು, ಆಲಂಕಾರು ಕಡೆಯಿಂದ ಕೋರ್ಟು ಕೆಲಸದವರು ಬಂದಿಳಿಯುತ್ತಿದ್ದರು. ಕೋರ್ಟು ತೆರೆಯುವುದು ಹನ್ನೊಂದಕ್ಕೆ. ಅಲ್ಲಿಯವರೆಗೆ ಎಂತ ಮಾಡುವುದು? ವಾದಿ, ಪ್ರತಿವಾದಿ ಇಬ್ಬರೂ ಮುಖ ತಿರುಗಿಸಿಕೊಂಡೇ ಸೀತಕ್ಕನ ಜೊತೆ ಒಂದು ಸುತ್ತು ಹಾಕುತ್ತಿದ್ದರು.

ಸೀತಕ್ಕನಿಗೆ ಐವತ್ತು ದಾಟಿತ್ತು. ಗಂಡ ಬೇಗ ಹೋಗಿದ್ದ, ಮಕ್ಕಳಿರಲಿಲ್ಲ. ಚೌಕದ ಮೂಲೆಯಲ್ಲಿ ಒಂದು ಬಾವಿ, ಅದರ ಪಕ್ಕ ಮುಳಿಹುಲ್ಲು ಹೊದೆಸಿದ ಸಣ್ಣ ಮನೆ. ಅವಳಿಗೆ ಇದ್ದದ್ದು ಇಷ್ಟೇ. ಸುತ್ತು ಮುಗಿದ ಮೇಲೆ ಯಾರಾದರೂ ಒಂದು ತೆಂಗಿನಕಾಯಿಯನ್ನೋ ಒಂದು ಸೇರು ಅಕ್ಕಿಯನ್ನೋ ಇಟ್ಟು ಹೋಗುತ್ತಿದ್ದರು, ಅದರಲ್ಲೇ ಬದುಕು.

ಸುತ್ತು ಶುರುವಾಗುವುದು ಆದಂ ಕುಂಞಿಯ ಒಣಮೀನಿನ ಅಂಗಡಿಯಿಂದ.

"ಇವರ ಅಜ್ಜನ ಕೊಡೆ ಗಾಳಿಗೆ ಹಾರಿ ಪೊಲೀಸರ ಠಾಣೆಗೆ ಬಿತ್ತು. ಮೂರು ದಿನ ಲಾಕಪ್ಪಿನಲ್ಲಿ ಇಟ್ಟಿದ್ರು ಅದನ್ನು!"

ಒಳಗಿನಿಂದ ಆದಂ ಕುಂಞಿ ಕೂಗುತ್ತಿದ್ದ. "ಎರಡು ದಿನ ಸೀತಕ್ಕ! ನಿನ್ನೆ ನೀವೇ ಎರಡು ಅಂತ ಹೇಳಿದ್ದು!"

"ನಿನ್ನೆಯಿಂದ ಇವತ್ತಿಗೆ ಒಂದು ದಿನ ಆಗ್ಲಿಲ್ವಾ ಮಾರಾಯ? ನೀನು ಮೀನು ತೂಗು."

ಹೀಗೆ ಒಂದೊಂದು ಅಂಗಡಿಗೆ, ಒಂದೊಂದು ಮರಕ್ಕೆ ಒಂದೊಂದು ಕತೆ. ಸುತ್ತು ಮುಗಿಯುವುದು ಅವಳ ಬಾವಿಕಟ್ಟೆಯಲ್ಲಿ. ಅಲ್ಲಿ ಎಲ್ಲರಿಗೂ ಒಂದು ಚೂರು ಬೆಲ್ಲ ಮತ್ತು ತಣ್ಣನೆಯ ನೀರು.

ಬೆಲ್ಲ ನೀರು ಕೊಡುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಉಂಟು. ಆದರೆ ಮನೆಯ ಜಗಲಿಯಲ್ಲಿ ಕೊಟ್ಟರೆ ಅದು ಮರ್ಯಾದೆ, ಪೇಟೆಯ ನಡುವೆ ಕೊಟ್ಟರೆ ಧರ್ಮ. ಅಡಿಕೆ ತೋಟ ಇದ್ದವರು ಧರ್ಮದ ನೀರಿಗೆ ಕೈ ಒಡ್ಡುವುದಿಲ್ಲ. ಗಂಟಲು ಒಣಗಿದರೂ "ಈಗ ಬೇಡ, ಕುಡಿದೇ ಬಂದದ್ದು" ಎನ್ನುತ್ತಾರೆ. ಸೀತಕ್ಕ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಳು.

"ನಿಮಗೆ ಯಾವೂರು?"

"ಆಲಂಕಾರು."

"ಮತ್ತೆಂತ ನಾಚಿಕೆ? ಈ ಬಾವಿ ತೋಡಿಸಿದ್ದೇ ನಿಮ್ಮ ಊರಿನವರು! ನಿಮ್ಮ ನೀರು ನೀವು ಕುಡಿಯುದು."

ಆ ಮನುಷ್ಯನ ಎದೆ ಉಬ್ಬುತ್ತಿತ್ತು. ಎರಡು ಚೊಂಬು ಕುಡಿಯುತ್ತಿದ್ದ. ಮರುದಿನ ಜಾಲ್ಸೂರಿನವರು ಬಂದರೆ ಬಾವಿ ಜಾಲ್ಸೂರಿನವರದು. ನೆಲ್ಯಾಡಿಯಲ್ಲಿ ಆಗಷ್ಟೇ ಕಾಡು ಕಡಿದು ನೆಲೆಸಿದ್ದ ಮಲಯಾಳಿಗಳು ಬಂದರೆ, ತಿರುವಾಂಕೂರಿನಿಂದ ನಡೆದು ಬಂದ ಒಬ್ಬ ಪುಣ್ಯಾತ್ಮ ತೋಡಿಸಿದ್ದು.

ನಿಜವಾಗಿ ಅದನ್ನು ತೋಡಿದ್ದು ಅವಳ ಮಾವ ಮಹಾಬಲ. ಆ ಕಾಲದಲ್ಲಿ ಅಲ್ಲಿ ಚೌಕ ಇರಲಿಲ್ಲ, ಒಂದು ಗಾಡಿ ದಾರಿ ಮತ್ತು ಪೊದೆ. ಜಾಗದ ಯಜಮಾನರು "ಬಾವಿ ತೋಡು, ನಾಲ್ಕು ಜನ ಕುಡಿಯಲಿ, ಬಾವಿ ಮತ್ತು ಮನೆ ಅಡಿಯ ಜಾಗ ನಿನಗೇ" ಎಂದಿದ್ದರು. ಬಾಯಿಮಾತು. ನೀರು ಸಿಗಲು ಎರಡು ಕೋಲು ಆಳ ಬಾಕಿ ಇರುವಾಗ ಬದಿ ಕುಸಿದು ಮಹಾಬಲ ಅಡಿಯಲ್ಲೇ ಸತ್ತ. ಹೆಣ ಮೇಲೆತ್ತಿ, ಉಳಿದದ್ದನ್ನು ಅವನ ತಮ್ಮಂದಿರು ತೋಡಿದರು. ಸೀತಕ್ಕನ ಅತ್ತೆ ಸಾಯುವಾಗ ಸೊಸೆಯ ಕೈ ಹಿಡಿದು ಹೇಳಿದ್ದು ಇಷ್ಟೇ: "ಯಾರಿಗೂ ಹೇಳ್ಬೇಡ ಮಗಾ. ಸಾವಾದ ಬಾವಿ ಅಂತ ಗೊತ್ತಾದ್ರೆ ನೀರು ಯಾರು ಮುಟ್ತಾರೆ?"

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ತಾಲೂಕು ಕಚೇರಿಯಿಂದ ಒಂದು ಕಾಗದ ಬಂತು. ಬಸ್ಸುಗಳು ಹೆಚ್ಚಾಗಿವೆ, ತಿರುಗಿಸಲು ಜಾಗ ಬೇಕು, ಬಾವಿ ಮುಚ್ಚಿ ಮನೆ ತೆಗೆಯುತ್ತೇವೆ. ಹಕ್ಕು ಇದ್ದವರು ಇಂಥ ದಿನ ದಾಖಲೆಯನ್ನೋ ಸಾಕ್ಷಿಯನ್ನೋ ತರಬೇಕು.

"ದಾಖಲೆ ಇಲ್ದಿದ್ರೆ ಎಂತಾಯ್ತು?" ಎಂದ ಆದಂ ಕುಂಞಿ. "ನಿಮ್ಮ ನೀರು ಕುಡಿದವರು ಮೂರು ತಾಲೂಕಲ್ಲಿ ಉಂಟು. ಕಂಡಕ್ಟರುಗಳತ್ರ ಹೇಳಿ ಕಳಿಸುವ."

"ಅವರು ಬಂದು ಎಂತ ಹೇಳ್ತಾರೆ ಕುಂಞಿ?"

"ನೀವು ಹೇಳಿದ್ದನ್ನೇ ಹೇಳ್ತಾರೆ."

ಸೀತಕ್ಕನ ಮುಖ ಸಣ್ಣದಾಯಿತು. ಆದರೆ ಬೇರೆ ದಾರಿ ಇರಲಿಲ್ಲ, ಹೇಳಿ ಕಳಿಸಿದರು.

ವಿಚಾರಣೆಯ ದಿನ ಐದು ಊರುಗಳಿಂದ ಏಳು ಜನ ಬಂದರು. ತೋಟದ ಕೆಲಸ ಬಿಟ್ಟು, ಬಿಳಿ ಪಂಚೆ ಉಟ್ಟು, ಪ್ರೀತಿಯಿಂದ ಬಂದವರು. ಬಾವಿಕಟ್ಟೆಯ ಪಕ್ಕ ಕುರ್ಚಿ ಹಾಕಿ ತಾಲೂಕು ಕಚೇರಿಯ ಸಾಹೇಬರು ಕೂತಿದ್ದರು. ಆಲಂಕಾರಿನ ಕೃಷ್ಣಮೋಹನ ಭಟ್ಟರು ಮೊದಲು ಎದ್ದರು.

"ಇದನ್ನು ಮುಚ್ಚುದು ಹೇಗೆ ಸ್ವಾಮಿ? ಇದು ನಮ್ಮ ಆಲಂಕಾರಿನ ಹಿರಿಯರು ತೋಡಿಸಿದ ಬಾವಿ."

"ಎಂತ ಭಟ್ರೆ, ಬೆಳಿಗ್ಗೆ ಬೆಳಿಗ್ಗೆ?" ಜಾಲ್ಸೂರಿನ ರವೂಫ್ ನಕ್ಕ. "ಬಾವಿ ನಮ್ಮ ಜಾಲ್ಸೂರಿನವರದ್ದು. ಕೇಳಿ ಸೀತಕ್ಕನತ್ರ!"

"ಜಾಲ್ಸೂರಿನಲ್ಲಿ ನಿಮ್ಮ ಬಾವಿ ನೀವು ತೋಡಿದ್ದು ಉಂಟಾ ಮೊದಲು?" ಎಂದ ಸುಳ್ಯದವನೊಬ್ಬ. "ಇದು ನಮ್ಮದು!"

ಹತ್ತು ನಿಮಿಷದಲ್ಲಿ ಸೀತಕ್ಕನ ಪರವಾಗಿ ಬಂದವರೇ ಅಂಗಿ ಕೈ ಮಡಚಿಕೊಂಡಿದ್ದರು. ಸಾಹೇಬರು ಪೆನ್ನು ಕೆಳಗಿಟ್ಟರು.

"ಅಮ್ಮಾ, ಇವರಲ್ಲಿ ಯಾರು ಹೇಳುವುದು ನಿಜ?"

ಸೀತಕ್ಕ ಬಾವಿಯ ಹಗ್ಗ ಹಿಡಿದು ನಿಂತಿದ್ದಳು. ಸುಮ್ಮನಿದ್ದರೆ ಮನೆ ಹೋಗುತ್ತದೆ. ಹೇಳಿದರೆ ನೀರು ಹೋಗುತ್ತದೆ. ಕೊನೆಗೆ ಹಗ್ಗ ಬಿಟ್ಟು ಹೇಳಿದಳು.

"ಯಾರದ್ದೂ ಅಲ್ಲ ಸ್ವಾಮಿ. ನನ್ನ ಮಾವ ತೋಡಿದ್ದು. ಇದರೊಳಗೇ ಸತ್ತದ್ದು ಅವರು."

ಸಾಹೇಬರು ಬೇಸರದಿಂದ ನಕ್ಕರು. "ಇದು ಎಷ್ಟನೆಯ ಕತೆ ಅಮ್ಮಾ?"

ಸುತ್ತ ನಿಂತವರೂ ನಕ್ಕರು. ಏಳು ಜನ ಮಾತ್ರ ನಗಲಿಲ್ಲ. ಭಟ್ಟರು ತಮ್ಮ ಅಂಗೈ ನೋಡಿಕೊಂಡರು.

"ಸೀತಕ್ಕ, ಆ ನೀರು ಕುಡಿದು ನಾನು ದೇವಸ್ಥಾನಕ್ಕೆ ಹೋಗಿದ್ದೆನಾ?"

ಭಟ್ಟರು ಸಿಟ್ಟು ಮಾಡಲಿಲ್ಲ, ಬೈಯಲಿಲ್ಲ. ಶಾಲು ಹೆಗಲಿಗೆ ಹಾಕಿ ಬಸ್ಸಿನ ಕಡೆ ನಡೆದರು. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಅವಳ ಮಾತನ್ನು ಬರೆದುಕೊಳ್ಳಬೇಕಾದವರು ನಂಬಲಿಲ್ಲ, ನೀರು ಕುಡಿದವರು ನಂಬಿಬಿಟ್ಟರು.

ಸುದ್ದಿ ಬಸ್ಸಿನಲ್ಲೇ ಊರೂರಿಗೆ ಹೋಯಿತು. ಬಾವಿ ಮುಚ್ಚುವ ಹುಕುಂ ಬರಲು ಒಂದೂವರೆ ತಿಂಗಳು ಹಿಡಿಯಿತು, ಅಷ್ಟೂ ದಿನ ಅವಳು ಬೆಳಿಗ್ಗೆ ಕೊಡಪಾನ ತುಂಬಿಸಿ, ಬೆಲ್ಲ ಚೂರು ಮಾಡಿ ಇಟ್ಟಳು. ಬೆಲ್ಲಕ್ಕೆ ಇರುವೆ ಬಂತು, ಜನ ಬರಲಿಲ್ಲ. ಆದಂ ಕುಂಞಿ ಒಮ್ಮೆ ಎಲ್ಲರೆದುರು ಗಟಗಟ ಕುಡಿದು, "ನಂಗೆ ಎಂತಾಯ್ತು? ನೋಡಿ, ಸತ್ತೆನಾ?" ಎಂದು ಕೂಗಿದ. ಅವನ ಹೆಂಡತಿ ಐಸಮ್ಮನೇ ಮರುದಿನದಿಂದ ಬೇರೆ ಬಾವಿಗೆ ಕೊಡ ಹಿಡಿದು ಹೋದಳು.

ಏಪ್ರಿಲಿನಲ್ಲಿ ಲಾರಿಯಲ್ಲಿ ಕೆಂಪು ಮಣ್ಣು ಬಂತು. ಕೆಲಸದವರು ಬೆವರು ಒರೆಸಿಕೊಳ್ಳುತ್ತಿದ್ದರು. ಸೀತಕ್ಕ ಕೊಡಪಾನ ತಂದು ಇಟ್ಟಾಗ ಮೇಸ್ತ್ರಿ, "ಬೇಡ ಅಕ್ಕ, ಅವರಿಗೆ ಹೋಟೆಲಿನಲ್ಲಿ ಚಾ ಉಂಟು" ಎಂದ. ಅವಳು ಒತ್ತಾಯ ಮಾಡಲಿಲ್ಲ. ಮೂರು ದಿನಕ್ಕೆ ನೆಲ ಸಮ ಆಯಿತು. ಮನೆಯ ಹುಲ್ಲಿನ ಮಾಡು ಬಿಚ್ಚಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ಮರುದಿನ ಒಂದು ಬಸ್ಸು ಅಲ್ಲೇ ಸಲೀಸಾಗಿ ತಿರುಗಿ ನಿಂತಿತು. ಸೀತಕ್ಕ ಒಂದು ಗಂಟು ಹಿಡಿದು ಹತ್ತಿದಳು. ಕಂಡಕ್ಟರ್ ಜತ್ತಪ್ಪ ಅವಳ ಕತೆ ಕೇಳಿ ಬೆಳೆದವನು.

"ಎಲ್ಲಿಗೆ ಸೀತಕ್ಕ?"

"ಇದು ಎಲ್ಲಿಗೆ ಹೋಗುದು?"

"ನೆಲ್ಯಾಡಿಗೆ. ಅಲ್ಲಿ ಯಾರಿದ್ದಾರೆ ನಿಮಗೆ?"

"ಯಾರೂ ಇಲ್ಲ. ಅಲ್ಲಿಗೇ ಕೊಡು."