ಹುಳದ ಮನೆಯಲ್ಲಿ ಕಪ್ಪಾದ ಬೆಳ್ಳಿ ರೇಕು

ನಾಲ್ಕು ವರ್ಷದ ಹಿಂದಿನ ಮಾತು. ರಾಮನಗರದ ನಮ್ಮ ಮನೆಯ ಸ್ಟೋರ್ ರೂಮಿನಲ್ಲಿ ನಾನು ಕೈಯಿಂದಲೇ ಫೋಟೊ ಮುದ್ರಿಸಲು ಶುರುಮಾಡಿ ಆಗಿನ್ನೂ ಎರಡು ವರ್ಷವಾಗಿತ್ತು. ನನ್ನದು ವ್ಯಾನ್‌ಡೈಕ್ ಬ್ರೌನ್ ಎಂಬ ಹಳೆಯ ವಿಧಾನ. ಕಬ್ಬಿಣ ಮತ್ತು ಬೆಳ್ಳಿಯ ಲವಣಗಳ ದ್ರಾವಣವನ್ನು ಟ್ರೇಸಿಂಗ್ ಪೇಪರಿಗೆ ಬಳಿದು, ಮೇಲೆ ನೆಗೆಟಿವ್ ಇಟ್ಟು, ತಾರಸಿಯ ಬಿಸಿಲಿಗೆ ಹಿಡಿದು ತೊಳೆದರೆ ಕಂದು ಬಣ್ಣದ ಚಿತ್ರ ಮೂಡುತ್ತದೆ. ಅದರ ಬೆನ್ನಿಗೆ ಲೋಹದ ರೇಕು, ಅಂದರೆ ಉಸಿರು ತಾಗಿದರೂ ಹಾರುವಷ್ಟು ತೆಳುವಾದ ಹಾಳೆ, ಅಂಟಿಸಿದರೆ ಮುಖ ಒಳಗಿನಿಂದ ಬೆಳಗಿದಂತೆ ಕಾಣುತ್ತದೆ.

ಕೈಲಾಂಚದ ಕಡೆಯ ಕೆಂಪಮ್ಮ ಎಂಬ ಅಜ್ಜಿ ಸೊಸೆ ಸುಧಾಳ ಸ್ಕೂಟರಿನಲ್ಲಿ ಬಂದರು. ಅವರ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ತೀರಿಹೋದ ಗಂಡನದು ಇದ್ದದ್ದು ಒಂದೇ ಫೋಟೊ: ಯಾರದೋ ಮದುವೆಯ ಗುಂಪಿನಲ್ಲಿ ಉಗುರಿನಷ್ಟು ಮುಖ. ಸ್ಟುಡಿಯೊದಲ್ಲಿ ದೊಡ್ಡದು ಮಾಡಿಸಿದರೂ ಅಜ್ಜಿಗೆ ಬರೀ ಮಬ್ಬು.

“ಪೂರಾ ಕತ್ಲಾಗೋಕ್ ಮುಂಚೆ ಒಸಿ ನೋಡ್ಬೇಕು ಕಣವ್ವ,” ಎಂದರು.

ಆ ಮುಖದ ದೊಡ್ಡ ನೆಗೆಟಿವ್ ಮಾಡಿಕೊಂಡು, ತಾಮ್ರ, ಹಿತ್ತಾಳೆ, ಚಿನ್ನ, ಬೆಳ್ಳಿ ನಾಲ್ಕು ರೇಕನ್ನೂ ಪ್ರಯೋಗ ಮಾಡಿ, ಅವರು ಮತ್ತೆ ಬಂದಾಗ ಕಿಟಕಿಯ ಬಳಿ ಒಂದೊಂದಾಗಿ ಕೈಗೆ ಕೊಟ್ಟೆ. ಚಿನ್ನದಲ್ಲಿ ಮುಖ ಅರೆಬರೆ ಕಂಡಿತು. ಬೆಳ್ಳಿಗೆ ಬಂದಾಗ ಅಜ್ಜಿ ಅದನ್ನು ಮೆಲ್ಲಗೆ ಓರೆ ಮಾಡಿದರು.

“ಮೀಸೆ ಐತೆ. ಎಡಗಡೆ ಸೊಟ್ಟ.”

“ಮಾವನ್ನ ಬೈಯೋಕೆ ಇನ್ನು ಸಲೀಸಾಯ್ತು ಬಿಡಿ ಅತ್ತೆ,” ಎಂದಳು ಸುಧಾ.

“ಇದ್ದಾಗ ಎದ್ದೋಗ್ತಿದ್ದ. ಈಗೆಲ್ಲಿಗೆ ಹೋಗ್ತಾನೆ?”

ಬೆಳ್ಳಿ ಗಾಳಿಗೆ ಕಪ್ಪಾಗುತ್ತದೆಂದು ನನಗೆ ಗೊತ್ತಿತ್ತು. ವಾರ್ನಿಶ್ ಬಳಿದು, ಗಾಜಿನ ಕಟ್ಟು ಹಾಕಿಸಿ, ಸಾಕು ಅಂದುಕೊಂಡೆ.

ನಾಲ್ಕು ತಿಂಗಳ ಮೇಲೆ ಸುಧಾ ಒಬ್ಬಳೇ ಬಂದು, ಹಳೇ ಟವೆಲ್ಲಿನಲ್ಲಿ ಸುತ್ತಿದ್ದ ಫೋಟೊ ಬಿಚ್ಚಿದಳು. ಮುಖವೆಲ್ಲ ತವೆಯ ತಳದ ಬಣ್ಣ.

“ಎಲ್ಲಿ ಹಾಕಿದ್ರಿ?”

“ಹುಳದ ಮನೇಲಿ ಅಕ್ಕ.”

ರೇಷ್ಮೆ ಹುಳ ಸಾಕುವ ಕೋಣೆ ಅದು. ಸುಮಾರು ತಿಂಗಳಿನ ಒಂದು ಬೆಳೆ ಮುಗಿದರೆ ರೋಗ ಉಳಿಯದಂತೆ ಎಲ್ಲವನ್ನೂ ಹೊರಗೆ ಹಾಕಿ, ಬ್ಲೀಚಿಂಗ್ ಪೌಡರ್ ನೀರು ಹೊಡೆದು ಬಾಗಿಲು ಮುಚ್ಚುತ್ತಾರೆ. ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ ಎಲ್ಲ ಹೊರಗೆ ಬಂದಿತ್ತು. ಫೋಟೊ ಮಾತ್ರ ಬಂದಿರಲಿಲ್ಲ. ಗಂಡ ಕಟ್ಟಿದ ಮನೆಯಿಂದ ಅವನನ್ನೇ ಹೊರಗಿಡುವುದೇ ಎಂದು ಅಜ್ಜಿ ಬಿಟ್ಟಿರಲಿಲ್ಲ. ಆ ಪೌಡರಿನ ಕ್ಲೋರಿನ್ ಕಟ್ಟಿನ ಹಿಂದಿನ ರಟ್ಟಿನೊಳಗೆ ನುಸುಳಿ ಬೆಳ್ಳಿಯನ್ನು ತಿಂದಿತ್ತು.

“ಫೋಟೊ ಕಾಣ್ತಿಲ್ಲ ಅಂತ ಅತ್ತೆ ಮೂರು ತಿಂಗಳಿಂದ ಒಂದು ಮಾತೂ ಹೇಳಿಲ್ಲ. ಕಣ್ಣೇ ಹೋಯ್ತು ಅಂದ್ಕೊಂಡ್ರಂತೆ. ನಾನು ಧೂಳು ಒರೆಸೋಕೆ ತೆಗೆದಾಗ ನೋಡ್ದೆ.”

ನೆಗೆಟಿವ್ ಇತ್ತು. ಕಪ್ಪಾಗದ ಚಿನ್ನದ ರೇಕಿನಲ್ಲಿ ಹೊಸದನ್ನು ಮಾಡಿ, ವಾರದೊಳಗೆ ನಾನೇ ಬಸ್ಸಿನಲ್ಲಿ ಕೊಂಡೊಯ್ದೆ. ಅಜ್ಜಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದರು. ಆ ಕಡೆ ಓರೆ ಮಾಡಿದರು, ಈ ಕಡೆ ಓರೆ ಮಾಡಿದರು. ಬಹಳ ಹೊತ್ತು.

“ಬೆಳಕು ಐತೆ ಕಣವ್ವ. ಮುಖ ಕಾಣಾಕಿಲ್ಲ.”

ಅಷ್ಟರಲ್ಲಿ ಉಳಿದಿದ್ದ ಕಣ್ಣೂ ಬರೀ ಬೆಳಕಿನಷ್ಟಕ್ಕೆ ಇಳಿದಿತ್ತು. ಅವರೇ ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು.

“ಒಂದ್ ಬೆಳೆ ಮುಗಿಯೋಗಂಟ ದಿನಾ ನೋಡಿದ್ನಲ್ಲ. ಬುಡು.”

ಪ್ರತಿ ಪ್ರಯೋಗವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಕಾನ್ವೆಂಟಿನಲ್ಲಿ ಕಲಿತ ಅಭ್ಯಾಸ. ಕಾಗದ, ದ್ರಾವಣ, ಬಿಸಿಲಿನ ನಿಮಿಷ, ರೇಕು, ಎಲ್ಲಕ್ಕೂ ಒಂದೊಂದು ಕಾಲಂ ಇತ್ತು. ಅಂದು ಮನೆಗೆ ಬಂದು, ಆ ಕಾಲಂಗಳೆಲ್ಲದರ ಮೊದಲಿಗೆ ಇನ್ನೊಂದನ್ನು ಗೆರೆ ಎಳೆದು ಸೇರಿಸಿದೆ: ಎಲ್ಲಿ ತೂಗುಹಾಕುತ್ತಾರೆ. ಅದು ತುಂಬುವ ತನಕ ನಾನು ಬ್ರಶ್ ಮುಟ್ಟುವುದಿಲ್ಲ.