ಹೊರಟವರಿಗೆ ತುಂಬುವ ಉಡಿ

ಇನ್ನು ಕಾಲೇಜಿನ ಕಡೆ ಮುಖ ಹಾಕುವುದಿಲ್ಲ ಎಂದು ಮಗಳು ಬಂದು ಹೇಳಿದಾಗ ನಾನು ಅಂಗಡಿಯಲ್ಲಿ ಒಂದು ರವಿಕೆಗೆ ಹುಕ್ಕು ಹಚ್ಚುತ್ತಿದ್ದೆ. ಸೂಜಿ ಬೆರಳಿಗೆ ಚುಚ್ಚುವುದು, ಕಣ್ಣು ಕತ್ತಲೆ ಬರುವುದು ಇವೆಲ್ಲ ಟಿವಿ ಧಾರಾವಾಹಿಯಲ್ಲಿ ಆಗುತ್ತವೆ. ನನಗೆ ಬಂದದ್ದು ಸಿಟ್ಟು. "ಯಾಕ? ಏನಾತು?" ಅಂದೆ. ಅವಳು ಫೋನು ನನ್ನ ಮುಂದೆ ಹಿಡಿದಳು.

ನನ್ನ ಅಂಗಡಿ ಇರುವುದು ಮಸ್ಕಿಯಲ್ಲಿ. ಹುಟ್ಟಿದ್ದು ಸಿಂಧನೂರಿನ ಹತ್ತಿರ, ಬಂಗಾಳಿ ಕ್ಯಾಂಪಿನಲ್ಲಿ. ದೇಶ ಒಡೆದಾಗ ನನ್ನ ಅಪ್ಪ ಅವ್ವನ ಊರು ಗಡಿಯ ಆಚೆ ಉಳಿಯಿತು. ಅಲ್ಲಿ ಬಾಳಲಾಗದೆ ಈಚೆ ಬಂದವರನ್ನು ಸರ್ಕಾರವೇ ರೈಲು ಹತ್ತಿಸಿ ಈ ಕಾಲುವೆ ಸೀಮೆಗೆ ತಂದಿತು. ಜಾಲಿ ಕಂಟಿ ಬೆಳೆದ ನೆಲ ತೋರಿಸಿ, ಇದು ನಿಮ್ಮದು, ಬದುಕಿಕೊಳ್ಳಿ ಅಂದಿತು. ಅಪ್ಪ ಕಂಟಿ ಕಡಿದ, ಭತ್ತ ಹಚ್ಚಿದ. ನಾನು ಕನ್ನಡ ಶಾಲೆಯಲ್ಲಿ ಓದಿದೆ, ಹೊಲಿಗೆ ಕಲಿತೆ, ಕ್ಯಾಂಪಿನ ಹುಡುಗನನ್ನೇ ಮದುವೆಯಾಗಿ ಮಸ್ಕಿಗೆ ಬಂದೆ. ಗಂಡ ಸಿಂಧನೂರಿನ ರೈಸ್ ಮಿಲ್ಲಿಗೆ ಹೋಗಿ ಬರುತ್ತಾರೆ. ಮನೆಯಲ್ಲಿ ನಾವು ಈಗಲೂ ಬಂಗಾಳಿ ಆಡುತ್ತೇವೆ. ಜಗಳ ಬಂದರೆ ಮಾತ್ರ ಕನ್ನಡ. ಈ ಕಡೆಯ ಕನ್ನಡದಲ್ಲಿ ಬೈದಷ್ಟು ಸಮಾಧಾನ ಇನ್ನೊಂದು ಭಾಷೆಯಲ್ಲಿ ಸಿಗುವುದಿಲ್ಲ, ಬೇಕಾದರೆ ನೋಡಿ.

ಫೋನಿನಲ್ಲಿದ್ದದ್ದು ಲಿಂಗಸುಗೂರಿನ ಅವಳ ಕಾಲೇಜಿನ ಚರ್ಚಾಸ್ಪರ್ಧೆಯ ವಿಡಿಯೋ. ವಿಷಯ, 'ಈ ದೇಶ ಯಾರದು?' ಮಗಳು ಕೊನೆಯ ವರ್ಷದ ಬಿ.ಎ., ಮುಂದೆ ವಕೀಲಿ ಓದುವ ಹಟ. ಮಾತಿನಲ್ಲಿ ನನ್ನ ಮಗಳೇ. ದೇಶ ಅದರಲ್ಲಿ ಬದುಕುವವರೆಲ್ಲರದು ಎಂದು ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದಳು. ಎದುರು ಪಕ್ಷದ ಹುಡುಗನಿಗೆ ಮಾತು ಖಾಲಿಯಾಯಿತು. "ಮೊದಲು ನಿನ್ನ ದೇಶಕ್ಕ ಹೋಗು. ಅಲ್ಲಿ ಹೋಗಿ ಭಾಷಣ ಬಿಗಿ, ಮೀನಿನ ವಾಸನಿ ಮೂಗಿಗೆ ಹೊಡ್ಯಾಕತ್ತೈತಿ ಇಲ್ಲಿ," ಅಂದ. ಸಭಾಂಗಣದ ತುಂಬ ನಗು, ಸಿಳ್ಳೆ. ಮುಂದಿನ ಸಾಲಿನಲ್ಲಿ ಅವಳ ಗೆಳತಿಯರೂ ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡು ನಗುತ್ತಿದ್ದರು.

"ಅವ ಅಂದಿದ್ದು ಬಿಡು ಮಾ," ಅಂದಳು ಮಗಳು. "ಅವರೆಲ್ಲಾ ನಕ್ಕರಲ್ಲ. ಮೂರು ವರ್ಷ ನನ್ನ ಡಬ್ಬಿ ಒಳಗಿಂದ ಉಂಡಾರ."

ಆ ವಿಡಿಯೋ ಒಂದು ಫೋನಿನಿಂದ ಇನ್ನೊಂದಕ್ಕೆ ಹಾರುತ್ತ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಊರು ಸುತ್ತಿತು. ಚಹಾದಂಗಡಿಯಲ್ಲಿ ಅದೇ ಮಾತು, ಬಸ್ಸಿನಲ್ಲಿ ಅದೇ ಮಾತು. ಹುಡುಗ ಅಂದದ್ದು ಸರಿ ಅನ್ನುವವರು ಕೆಲವರು, ಛೇ ತಪ್ಪು ಅನ್ನುವವರು ಕೆಲವರು. ನನ್ನ ಮಗಳು ಯಾರು, ಯಾವ ದೇಶದವಳು ಎಂದು ನಿರ್ಧರಿಸಲು ಎಲ್ಲರಿಗೂ ಪುರಸೊತ್ತಿತ್ತು. ನನ್ನ ಅಂಗಡಿಗೆ ಅಳತೆ ಕೊಡಲು ಬಂದ ಗಿರಾಕಿಗಳು ತೋಳು ಎತ್ತಿ ನಿಂತುಕೊಂಡೇ ಅಭಿಪ್ರಾಯ ಹೇಳಿದರು. ವರ್ಷಗಟ್ಟಲೆ ನನ್ನ ಹತ್ತಿರವೇ ಹೊಲಿಸುವ ಒಬ್ಬರು ಬಹಳ ಪ್ರೀತಿಯಿಂದ, "ನೀ ಮನಸ್ಸಿಗೆ ಹಚ್ಕೋಬ್ಯಾಡ ತಂಗಿ. ಅದು ನಿಮ್ಮಂಥವರಿಗೆ ಅಂದಿದ್ದಲ್ಲ, ಬ್ಯಾರೆಯವರಿಗೆ," ಅಂದರು.

"ಯಾರ್ರೀ ಆ ಬ್ಯಾರೆಯವರು?" ಅಂದೆ, ಟೇಪು ಕೊರಳಿಗೆ ಹಾಕಿಕೊಂಡು.

"ಅದ... ಅದಾರಲ್ಲ, ಬ್ಯಾರೆಯವರು."

ಪಕ್ಕದ ಬಳೆ ಅಂಗಡಿಯ ಆಪಾ ಇದನ್ನು ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕಳು. ಆಪಾ ನನಗಿಂತ ಹಿರಿಯಳು, ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ. ನಮ್ಮವರ ಬಿಳಿ ಶಂಖದ ಬಳೆಯಿಂದ ತನಗೆ ನುಕ್ಸಾನು ಎಂದು ದಿನಾ ಗೊಣಗಿ, ಕೊನೆಗೆ ಅದರ ಜೊತೆಗೇ ನನ್ನ ಕೈಗೆ ಹಸಿರು ಗಾಜಿನ ಬಳೆ ತೊಡಿಸಿದವಳು. ಗಿರಾಕಿ ಹೋದ ಮೇಲೆ, "ನಿಮ್ಮಂಥವರಿಗಲ್ಲ, ಬ್ಯಾರೆಯವರಿಗೆ ಅನ್ನೂದು ನಾ ಹುಟ್ಟಿದಾಗಿಂದ ಕೇಳಾಕತ್ತೀನಿ," ಅಂದಳು. "ಕಸಮ್, ಆಣಿ ಮಾಡಿ ಹೇಳತೀನಿ, ಆ ಬ್ಯಾರೆಯವರು ಮಾತ್ರ ನನಗ ಇನ್ನೂ ಭೆಟ್ಟಿ ಆಗಿಲ್ಲ ನೋಡು."

ನಗು ಬಂತು. ಆದರೆ ಮನೆಯಲ್ಲಿ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಾಲೇಜಿನಿಂದ ಫೋನು ಬಂತು: ಹಾಜರಾತಿ ಕಡಿಮೆಯಾಗುತ್ತಿದೆ, ಹೀಗೇ ಆದರೆ ಪರೀಕ್ಷೆಗೆ ಕೂರಿಸಲು ಆಗುವುದಿಲ್ಲ. ಗಂಡ, "ಬ್ಯಾಡಂದ್ರ ಬಿಡು, ಸಿಂಧನೂರಾಗ ಬ್ಯಾರೆ ಯಾವುದಾರ ಕೋರ್ಸು ನೋಡೋಣು," ಅಂದರು. ನನಗೆ ಮೈ ಉರಿಯಿತು. ನನ್ನ ಅಪ್ಪ ಒಮ್ಮೆ ಊರು ಬಿಟ್ಟು ಬಂದವನು, ಆಗಲಿ. ಆ ಬಿಡುವ ಚಾಳಿ ಮೂರನೆಯ ತಲೆಮಾರಿಗೆ ನಡೆಯಬಾರದು. ಒಂದು ಸಿಳ್ಳೆಗೆ ನನ್ನ ಮಗಳು ಒಂದು ಕಾಲೇಜು ಬಿಟ್ಟರೆ, ನಾಳೆ ಇನ್ನೊಂದು ಸಿಳ್ಳೆಗೆ ಇನ್ನೇನು ಬಿಡಬೇಕು?

ಅಷ್ಟರಲ್ಲಿ ಲಿಂಗಸುಗೂರಿನ ಒಂದು ಮಹಿಳಾ ಸಂಘದವರು ಮನೆಗೆ ಬಂದರು. ಈ ಗದ್ದಲ ಬೆಳೆಯಬಾರದು ಎಂದು ಒಂದು ಸೌಹಾರ್ದ ಸಂವಾದ ಇಟ್ಟುಕೊಂಡಿದ್ದರು. ನಾವು ತಾಯಿ ಮಗಳು ವೇದಿಕೆಯ ಮೇಲೆ ಬಂದು ಕೂರಬೇಕು. ಒಳ್ಳೆಯ ಹೆಂಗಸರು, ಕಣ್ಣಲ್ಲಿ ನೀರು ತಂದುಕೊಂಡು ಕರೆದರು. ಮಗಳು ಖಡಾಖಂಡಿತವಾಗಿ ಒಲ್ಲೆ ಅಂದಳು.

"ಅಲ್ಲೂ ನಗ್ತಾರ."

"ನಗಲಿ. ನಾ ಇರತೀನಲ್ಲ. ಒಂದ ಸಲ ಬಾ. ಆಮ್ಯಾಲೂ ಕಾಲೇಜ್ ಬ್ಯಾಡ ಅನಿಸಿದ್ರ, ನಾ ಬಾಯಿ ಬಿಡಾಂಗಿಲ್ಲ. ಎರಡನೇ ಮಷಿನ್ ಖಾಲಿ ಐತಿ, ಕುಂತು ಹೊಲಿ."

ಹೇಳುವುದೇನೋ ಹೇಳಿದೆ. ಆದರೆ ಆ ಮಷಿನ್ನಿನ ಮುಂದೆ ಅವಳು ಕೂರುವುದು ನನಗೆ ಬೇಡವಾಗಿತ್ತು. ನನ್ನ ಕಸುಬು ಕೀಳು ಅಂತಲ್ಲ. ನಾನು ಅದನ್ನು ಆರಿಸಿಕೊಂಡು ಕೂತವಳು, ಅವಳು ಹೆದರಿ ಕೂರುವವಳು.

ಸಂವಾದದ ದಿನ ಸಭಾಂಗಣ ತುಂಬಿತ್ತು. ಸಂಘದ ಕಾರ್ಯದರ್ಶಿ, ನಾವಿಬ್ಬರು, ಆ ಹುಡುಗ, ಮತ್ತು ಧಾರವಾಡದಿಂದ ಬಂದಿದ್ದ ಮುಖ್ಯ ಅತಿಥಿ, ಒಬ್ಬ ನಿವೃತ್ತ ಪ್ರಾಧ್ಯಾಪಕಿ, ಇಷ್ಟು ಜನ ವೇದಿಕೆಯ ಮೇಲೆ. ಒಬ್ಬರಾದ ಮೇಲೆ ಒಬ್ಬರು ಬಂದು ನಾವೆಲ್ಲ ಒಂದೇ ಎಂದು ಹೇಳಿದರು. ಒಂದೇ ಆಗಿದ್ದರೆ ಇಷ್ಟು ಹೊತ್ತು ಯಾಕೆ ಹೇಳಬೇಕಿತ್ತೋ ನನಗೆ ತಿಳಿಯಲಿಲ್ಲ. ಮಗಳು ತಲೆ ಎತ್ತಲೇ ಇಲ್ಲ.

ಹುಡುಗ ಮೈಕಿನ ಮುಂದೆ ನಿಂತ. ಬೆವರುತ್ತಿದ್ದ. "ಹೋಗು ಅಂದಿದ್ದು ತಪ್ಪಾತ್ರೀ," ಅಂದ. "ಆದ್ರ ನಮ್ಮ ಮುತ್ಯಾನ ಹೊಲ ಕಾಲುವಿಗೆ ಹೋತು. ನಮಗೇನೂ ಬರಲಿಲ್ಲ. ಹೊರಗಿಂದ ಬಂದವರಿಗೆ ಸರ್ಕಾರ ಕರದು ಕೊಟ್ಟಿತು. ಇದನ್ನ ಕೇಳಾವ್ರು ಯಾರು?" ಕೆಲವರು ಚಪ್ಪಾಳೆ ಹೊಡೆದರು. ನನಗೆ ಅವನ ಮೇಲೆ ಮೊದಲಿನಷ್ಟು ಸಿಟ್ಟು ಬರಲಿಲ್ಲ. ಹೊಲ ಕಳೆದುಕೊಂಡ ಮನೆಯ ಮಾತು ಹೇಗಿರುತ್ತದೆಂದು ನನಗೂ ಗೊತ್ತು, ನಾನು ಅಂಥದೇ ಮನೆಯಲ್ಲಿ ಬೆಳೆದವಳು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆ ಹೇಗೆ? ನನ್ನ ಸರದಿ ಬಂದಾಗ ಅದನ್ನೇ ಹೇಳಿದೆ. "ತಮ್ಮಾ, ನಿಮ್ಮ ಮುತ್ಯಾನ ಹೊಲದ ಸಲುವಾಗಿ ಕಚೇರಿಗೆ ಹೋಗು, ನಾನೂ ನಿನ್ನ ಜೋಡಿ ಬರತೀನಿ, ಕಡಿತನಕ ಬರತೀನಿ. ಆದ್ರ ನನ್ನ ಮಗಳು ನಿಮ್ಮ ಹೊಲ ತಗೊಂಡಿಲ್ಲ. ಆಕಿ ಬರೇ ನಿನ್ನಕಿಂತ ಚೊಲೊ ಮಾತಾಡ್ಯಾಳ."

ಸಭೆ ನಕ್ಕಿತು. ಈ ಸಲ ನಗು ಬೇರೆ ಕಡೆಗೆ ಬಿತ್ತು. ಹುಡುಗನೂ ತುಸು ನಕ್ಕ. ಮಗಳು ಮಾತ್ರ ನಗಲಿಲ್ಲ.

ಮುಖ್ಯ ಅತಿಥಿ ಗಡಿಯಾರ ನೋಡಿ, ಸಂಜೆ ಬಸ್ಸಿಗೆ ಧಾರವಾಡಕ್ಕೆ ಹೋಗಬೇಕು, ಬೇಗ ಮುಗಿಸಿ ಎಂದು ಕಾರ್ಯದರ್ಶಿಯ ಕಿವಿಯಲ್ಲಿ ಹೇಳಿದರು. ಕಾರ್ಯದರ್ಶಿ ಮೈಕು ಹಿಡಿದು, "ನಮ್ಮ ನಾಡನ್ನು ನಂಬಿ ಬಂದ ಈ ಅತಿಥಿಗಳನ್ನು ನಾವು ಎಂದೂ ಕೈಬಿಡುವುದಿಲ್ಲ. ತಾಯಿಗೆ ಉಡಿ ತುಂಬಿ, ಮಗಳಿಗೆ ಶಾಲು ಹೊದಿಸಿ ಗೌರವಿಸುತ್ತೇವೆ," ಅಂದರು. ಹಿತ್ತಾಳೆಯ ತಾಟು ಬಂತು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಉತ್ತತ್ತಿ, ಮೇಲೊಂದು ರವಿಕೆ ಖಣ.

ಉಡಿ ನನಗೇನು ಹೊಸದಲ್ಲ. ಗಿರಾಕಿಗಳ ಮನೆಗೆ ಹೋದಾಗ ಎಷ್ಟೋ ಸಲ ಸೆರಗು ಒಡ್ಡಿ ತುಂಬಿಸಿಕೊಂಡಿದ್ದೇನೆ, ಸಂತೋಷದಿಂದ ಮನೆಗೆ ತಂದಿದ್ದೇನೆ. ಅವರ ಮನೆ ಅವರದು, ನಾನು ಹೋದವಳು, ಅದು ಸರಿ. ಆದರೆ ಇದು ಯಾರ ಮನೆ? ತಾಟು ನನ್ನ ಮುಂದೆ ಬಂದಾಗ ನನಗೆ ಥಟ್ಟನೆ ಹೊಳೆಯಿತು. ಉಡಿ ತುಂಬುವವಳು ಮನೆಯವಳು. ತುಂಬಿಸಿಕೊಳ್ಳುವವಳು ಬಂದು ಹೋಗುವವಳು, ಇಲ್ಲವೆ ಗಂಡನ ಮನೆಗೆ ಹೊರಟ ಮಗಳು. ನಮ್ಮ ಬಂಗಾಳಿಗಳಲ್ಲೂ ಹೊರಟ ಮಗಳು ಹಿಂದಕ್ಕೆ ಅಕ್ಕಿ ಎಸೆಯುತ್ತಾಳೆ. ಎರಡೂ ಕಡೆ ಅಕ್ಕಿ ಹೊರಟವಳ ಕೈಯಲ್ಲೇ. ಹುಡುಗ ಹೋಗು ಅಂದಿದ್ದ, ಇವರು ಅರಿಶಿನ ಕುಂಕುಮ ಹಚ್ಚಿ ಹೋಗಿ ಬಾ ಅನ್ನುತ್ತಿದ್ದರು.

ಎದ್ದು ನಿಂತೆ. ಸೆರಗು ಒಡ್ಡಲಿಲ್ಲ. ತಾಟಿನ ಮೇಲೆ ಕೈ ಇಟ್ಟೆ.

"ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ," ಅಂದೆ. "ಉಡಿ ಯಾರಿಗೆ ತುಂಬ್ತೀವ್ರೀ ನಾವು? ಹೊಂಟವರಿಗೆ. ನಾ ಎಲ್ಲಿಗೂ ಹೊಂಟಿಲ್ಲ. ನಾ ಇಲ್ಲೇ ಮಸ್ಕ್ಯಾಗ ಇರಾಕಿ. ಹೊಂಟಾವ್ರು ಈ ಪ್ರೊಫೆಸರ್ ಬಾಯಾರು, ಸಂಜಿ ಬಸ್ಸಿಗೆ ಧಾರವಾಡಕ್ಕ. ನಮ್ಮ ಸೀಮಿಗೆ ಬಂದಾರ, ಬರೇ ಉಡೀಲೆ ಹ್ಯಾಂಗ ಕಳಸೋದು? ತಾಟು ಇಲ್ಲಿ ಕೊಡ್ರಿ, ನಾ ತುಂಬ್ತೀನಿ."

ಕಾರ್ಯದರ್ಶಿಯ ಮುಖ ಸಣ್ಣದಾಯಿತು. "ಗೌರವ ಮಾಡಾಕ ಬಂದ್ರ ಹಿಂಗ ಮಾಡ್ತೀರೇನ್ರೀ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಅವರಿಗೆ ನಿಜವಾಗಿ ನೋವಾಗಿತ್ತು. ನನಗೂ ಕೆಡುಕೆನಿಸಿತು, ಆದರೆ ತಾಟಿನ ಮೇಲಿನ ಕೈ ತೆಗೆಯಲಿಲ್ಲ. "ಬರ್ರಿ, ಇಬ್ಬರೂ ಕೂಡಿ ತುಂಬೋಣು," ಅಂದೆ. ಅವರು ಬರಲಿಲ್ಲ.

ಪ್ರಾಧ್ಯಾಪಕಿ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಸೆರಗು ಒಡ್ಡಿದರು. ನಾನು ಎರಡೂ ಕೈಯಿಂದ ಅಕ್ಕಿ ಎತ್ತಿದೆ. ಸಭೆಯ ನಡುವಿನಿಂದ ಯಾರೋ ಮುದುಕಿ ಗದರಿದಳು: "ಏ ಹಂಗಲ್ಲಬೇ! ಮೊದಲ ಕುಂಕುಮ ಹಚ್ಚು. ಮೈತುಂಬ ಸೆರಗು ಹೊದ್ಕೋ. ಏನ್ ಹುಡುಗಿ ಇಕಿ, ಯಾರೂ ಕಲಿಸಿಲ್ಲೇನು?" ನನ್ನ ಗಡಿಬಿಡಿಯಲ್ಲಿ ಕುಂಕುಮ ಮರೆತೇ ಹೋಗಿತ್ತು. ಸೆರಗು ಹೊದ್ದು, ಕುಂಕುಮ ಹಚ್ಚಿ, ಉಡಿ ತುಂಬಿದೆ. ಕೆಲವರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಕೆಲವರು ಕುರ್ಚಿ ಸರಿಸಿ ಎದ್ದು ಹೋದರು. ಸೊಕ್ಕು ನೋಡು ಎಂದು ಒಬ್ಬ ಅಂದದ್ದು ನನಗೆ ಸರಿಯಾಗಿಯೇ ಕೇಳಿಸಿತು. ಸೊಕ್ಕೇ ಇರಬಹುದು. ಮನೆಯವರಿಗೆ ಸ್ವಲ್ಪ ಸೊಕ್ಕು ಇರುತ್ತದೆ.

ಮಗಳಿಗೆ ತಂದ ಶಾಲು ಹಾಗೇ ಉಳಿಯಿತು. ಅವಳು ಕೈ ಅಡ್ಡ ಹಿಡಿದು ಬೇಡ ಅಂದು ಕೆಳಗಿಳಿದುಬಿಟ್ಟಿದ್ದಳು.

ಮಸ್ಕಿ ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ನಾನು ಕಿಟಕಿಗೆ, ಅವಳು ನಡುವೆ. ಬಸ್ಸು ಊರು ದಾಟಿದ ಮೇಲೆ ಅವಳು, "ಎಲ್ಲಾರ ಮುಂದ ತಮಾಷಿ ಮಾಡಿದಿ," ಅಂದಳು. "ಈಗ ಇದೂ ಫೋನಿನ್ಯಾಗ ಬರತೈತಿ."

"ಬರಲಿ."

"ನಿನಗೇನು, ಬರಲಿ ಅಂತಿ. ದಿನಾ ಅಲ್ಲಿ ಹೋಗಿ ಕೂಡಾಕಿ ನಾನು."

ಅವಳು ಹೇಳಿದ್ದು ನಿಜ. ನಾನು ಒಂದು ದಿನ ಗೆದ್ದು ಬಂದಿದ್ದೆ. ನನ್ನ ಗೆಲುವಿನ ಖರ್ಚು ಅವಳ ಮೇಲೆ ಬಿದ್ದಿರಬಹುದು. ಕರೆದುಕೊಂಡು ಹೋಗಿಯೇ ಕೆಡಿಸಿದೆನೇ ಎಂದು ಅನಿಸಿತು. ಮಾತು ಕೊಟ್ಟಿದ್ದೆ. ಅವಳು ಬೇಡ ಅಂದರೆ ಇನ್ನು ಒಂದಕ್ಷರ ಆಡುವ ಹಾಗಿರಲಿಲ್ಲ.

ಮೂರನೆಯ ಸೀಟಿನಲ್ಲಿ ಒಬ್ಬ ಹಿರಿಯ ಹೆಂಗಸು ಕೂತಿದ್ದಳು, ಮಸ್ಕಿಯಲ್ಲಿ ಬಸ್ಸು ಬದಲಿಸಿ ಪಾಮನಕಲ್ಲೂರಿಗೆ ಹೋಗುವವಳು. ಎಲೆ ಅಡಿಕೆ ಹಾಕಿಕೊಂಡು ನಮ್ಮನ್ನು ಆಗಿನಿಂದ ನೋಡುತ್ತಿದ್ದಳು. ಕೊನೆಗೆ ಮಗಳನ್ನು ಕೇಳಿದಳು, "ಯಾವೂರವ್ವಾ ನಿಮ್ದು?"

ಈ ಪ್ರಶ್ನೆಗೆ ನನ್ನ ಹತ್ತಿರ ಒಂದು ಉದ್ದ ಉತ್ತರ ಸಿದ್ಧ ಇರುತ್ತದೆ. ಕ್ಯಾಂಪು, ಸರ್ಕಾರ, ಅಪ್ಪ, ರೈಲು. ಬಾಯಿ ತೆರೆದೆ. ಮಗಳು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ತಡೆದಳು.

"ಮಸ್ಕಿ ರೀ."

"ಮಸ್ಕಿ ಖರೇ, ಮೂಲ ಯಾವೂರು?"

"ಮೂಲಾನೂ ಮಸ್ಕೀನ. ಅಲ್ಲೇ ಹುಟ್ಟೀನಿ."

ಹೆಂಗಸು ಎಲೆ ಅಗಿಯುವುದನ್ನು ನಿಲ್ಲಿಸಿ ಅವಳ ಮೂಗು, ಕಣ್ಣು, ಕೆನ್ನೆ ಎಲ್ಲ ನೋಡಿದಳು. "ಮಾರಿ ನೋಡಿದ್ರ ಹಂಗ ಅನಸೂದಿಲ್ಲಲ್ಲವಾ," ಅಂದಳು. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ನಾನು ಮಗಳ ಮುಖ ನೋಡಿದೆ. ಇಷ್ಟು ದಿನ ಇಂಥ ಮಾತಿಗೇ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಮಗಳು ಸೀಟಿನಲ್ಲಿ ಪೂರ್ತಿ ಆ ಕಡೆ ತಿರುಗಿ, ಮುಖದ ಮೇಲೆ ಬಿದ್ದ ಕೂದಲು ಹಿಂದಕ್ಕೆ ಸರಿಸಿಕೊಂಡಳು.

"ಮಸ್ಕಿ ಮಂದಿ ಮಾರಿ ಹಿಂಗೂ ಇರತಾವ್ರೀ ಯವ್ವಾ. ಚೊಲೊತ್ನಂಗ ನೋಡ್ಕೊಳ್ರಿ. ನಾಳಿಂದ ದಿನಾ ಇದ ಬಸ್ಸಿಗೆ ಬರಾಕಿ ನಾನು, ಲಿಂಗಸುಗೂರಾಗ ನನ್ನ ಕಾಲೇಜ್ ಐತಿ."