ಬೆನ್ನು ಕಡಿದ ಪುಸ್ತಕಗಳು

ಗೆಳೆಯನ ಅಂಗೈ ಸೀಳಿದ್ದು ಅವನದೇ ತಪ್ಪಿನಿಂದ ಎಂದು ಎರಡು ವರ್ಷ ಹೇಳಿಕೊಂಡು ಬಂದೆ. ಈಗ ಅಷ್ಟು ಖಾತ್ರಿಯಿಲ್ಲ.

ಲಾಕ್‌ಡೌನಿನ ಕಾಲ. ಮಲೇಶಿಯಾದ ಬಯಾನ್ ಲೆಪಾಸಿನ ಫ್ಲ್ಯಾಟಿನಲ್ಲಿ ನಾನು ಮತ್ತು ಧಾರವಾಡದ ಸಹೋದ್ಯೋಗಿಯಾದ ಈ ಗೆಳೆಯ ಇದ್ದೆವು. ಎದುರಿನ ಕಾರ್ಮಿಕರ ಹಾಸ್ಟೆಲಿಗೆ ಮುಳ್ಳುತಂತಿ ಸುತ್ತಿದ್ದರು. ಒಳಗೆ ಗೆಳೆಯನ ಪರಿಚಯದ ರಾಯಚೂರಿನ ವೆಲ್ಡರ್ ಒಬ್ಬ ಸಿಕ್ಕಿಕೊಂಡಿದ್ದ. ಅವನ ಕೋಣೆಯವರನ್ನೆಲ್ಲ ಆಂಬುಲೆನ್ಸಿನಲ್ಲಿ ಒಯ್ದಿದ್ದರು.

‘ಓದಾಕ ಏನರ ಕೊಡ್ರಿ ಸರ್, ಇಲ್ಲಾಂದ್ರ ಗ್ವಾಡಿಗೆ ತಲಿ ಹೊಡ್ಕೋತೀನಿ’ ಎಂದು ಗೆಳೆಯನಿಗೆ ಫೋನ್ ಮಾಡಿದ್ದ. ಇ-ಪುಸ್ತಕ ಕಳಿಸೋಣವೆಂದರೆ ಅವನದು ಬಟನ್ ಫೋನು. ನನ್ನ ಕಪಾಟಿನ ಇಪ್ಪತ್ತು ಕನ್ನಡ ಪುಸ್ತಕಗಳನ್ನು ಕೊಡುತ್ತೇನೆಂದು ಒಪ್ಪಿಕೊಂಡೆ.

ಕೊಡುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿ ಟ್ಯಾಬ್‌ನಲ್ಲಿ ಇಟ್ಟುಕೊಳ್ಳುವ ಆಸೆ. ಬೇಗ ಆಗಲೆಂದು ಕಟರಿನಿಂದ ಒಂದೊಂದರ ಬೆನ್ನು ಕಡಿಯುತ್ತ ಹೋದೆ. ರಟ್ಟು, ಹೊಲಿಗೆ ಕಸದಬುಟ್ಟಿಗೆ. ಬಿಡಿ ಹಾಳೆಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರಾಯಿತು, ಓದುವುದು ಅದನ್ನೇ ತಾನೆ, ಎಂಬುದು ನನ್ನ ತರ್ಕ.

ಗೆಳೆಯ ಮೊದಲ ಕಟ್ಟು ಒಯ್ದವನು ಗೇಟಿನಿಂದಲೇ ವಾಪಸು ಬಂದ. ರಟ್ಟಿಗೆ ಸ್ಯಾನಿಟೈಸರ್ ಹಾಕಿ ಒರೆಸಲು ಬರುವಂಥ ಪುಸ್ತಕಗಳನ್ನಷ್ಟೇ ಒಳಗೆ ಬಿಡುತ್ತಾರಂತೆ. ಬಿಡಿ ಹಾಳೆ ಕಂಡು ಕಾವಲಿನವನು ‘ಪೇಪರ್ ಕೆನಾಟ್ ಲಾ’ ಎಂದು ಅಲ್ಲಿಯ ಇಂಗ್ಲಿಷಿನಲ್ಲಿ ತಡೆದಿದ್ದ.

‘ಕಡೀಲಾರದವು ಎಷ್ಟ ಉಳದಾವು?’ ಗೆಳೆಯ ಕೇಳಿದ.

‘ಮೂರು.’

‘ಪಿಎಚ್‌ಡಿ ಮಾಡಿ ಕಟುಕ ಆದೇನಲೇ?’

ಟ್ಯಾಬ್ ಎತ್ತಿ ಅಡುಗೆಕಟ್ಟೆಯ ಅಂಚಿಗೆ ಹೊಡೆದ. ಗಾಜು ಸಿಡಿಯಿತು. ಮತ್ತೆ ಹೊಡೆದ. ನಾನು ಅವನ ಅಂಗಿಯ ಕಾಲರ್ ಹಿಡಿದು ಫ್ರಿಜ್ಜಿಗೆ ಅಪ್ಪಳಿಸಿದೆ. ಅವನ ಮೊಣಕೈ ನನ್ನ ಬಾಯಿಗೆ ಬಿತ್ತು. ನಾಲಿಗೆಯ ಮೇಲೆ ಹಲ್ಲಿನ ಚೂರು. ಆಮೇಲೆ ನೋಡಿದರೆ ಅವನ ಅಂಗೈ ಮಣಿಕಟ್ಟಿನವರೆಗೆ ಸೀಳಿದೆ, ಹಾಳೆಗಳ ಮೇಲೆ ರಕ್ತ ಸುರಿಯುತ್ತಿದೆ. ಕಟರ್ ನನ್ನ ಕೈಯಲ್ಲಿತ್ತು.

ಅಲಗನ್ನು ಅವನೇ ಹಿಡಿದು ಎಳೆದ ಎಂಬುದು ನನ್ನ ನೆನಪು. ನಾನು ಬೀಸಿದೆ ಎಂಬುದು ಅವನದು. ಕಲೆಯಾದ ಹಾಳೆಗಳನ್ನು ಇಟ್ಟುಕೊಂಡು, ಹನಿಗಳು ಯಾವ ಕಡೆಯಿಂದ ಬಿದ್ದಿರಬಹುದೆಂದು ಎಷ್ಟೋ ಸಲ ನೋಡಿದ್ದೇನೆ. ಏನೂ ಗೊತ್ತಾಗುವುದಿಲ್ಲ.

ಮೂರು ಪುಸ್ತಕಗಳನ್ನು ಅವನೇ ಕೈಗೆ ಪಟ್ಟಿ ಕಟ್ಟಿಕೊಂಡು ಹೋಗಿ ಗೇಟಿನಲ್ಲಿ ಕೊಟ್ಟುಬಂದ. ನಾಲ್ಕೇ ದಿನಕ್ಕೆ ವೆಲ್ಡರನ ಫೋನು: ‘ಮುಗದ್ವು ಸರ್. ಇನ್ನೂ ಅದಾವೇನ್ರಿ?’

ಗೆಳೆಯ ಫೋನನ್ನು ನನ್ನ ಮುಂದೆ ಹಿಡಿದ. ‘ನೀನ ಹೇಳು.’

‘ಇಲ್ಲಪ್ಪ, ನಮ್ಮ ಹತ್ತಿರ ಇದ್ದದ್ದೇ ಮೂರು’ ಎಂದೆ.

‘ಇರ್ಲಿ ಬಿಡ್ರಿ ಸರ್. ಇವನ್ನ ಮತ್ತೊಮ್ಮೆ ಓದ್ತೀನಿ.’

ಈ ಮಾತುಕತೆ ಮಾತ್ರ ಅಕ್ಷರ ಬಿಡದೆ ನೆನಪಿದೆ.